ಭಾವನಿಗೆ ಸಿಗಬಾರದೆಂದು ಕೊಂಡ ಮೋಟಾರ್ ಸೈಕಲ್

ನನ್ನ ಮೊದಲ ಮೋಟಾರ್ ಸೈಕಲ್ಲನ್ನು ನಾನು ಕೊಂಡದ್ದು, ಅದು ನನ್ನ ಅಕ್ಕನ ಗಂಡನಿಗೆ ಸಿಗಬಾರದು ಎಂಬ ಒಂದೇ ಕಾರಣಕ್ಕೆ. ಕೊಳ್ಳಬೇಕೆಂದು ತೀರ್ಮಾನಿಸಿದ ದಿನ ಅದನ್ನು ಸ್ಟಾರ್ಟ್ ಮಾಡುವುದು ಹೇಗೆಂದೂ ನನಗೆ ಗೊತ್ತಿರಲಿಲ್ಲ.

ಭಾವ ಓವರ್‌ಸಿಯರ್ ಆಗಿದ್ದರು. ರಸ್ತೆ, ಮೋರಿ, ಸರ್ಕಾರಿ ಕಟ್ಟಡಗಳ ಕೆಲಸ ನೋಡಿಕೊಳ್ಳುವ ಹುದ್ದೆ. ಲಕ್ಷ್ಮೀಪುರಂನಲ್ಲಿ ಮನೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮಿಲಿಟರಿಯವರು ಯುದ್ಧಕಾಲದ ಸಾಮಾನುಗಳನ್ನು ಹರಾಜು ಹಾಕಿದಾಗ ಅವರೊಂದು ಮೋಟಾರ್ ಸೈಕಲ್ ಹಿಡಿದಿದ್ದರು. ಇಂಗ್ಲೆಂಡಿನಲ್ಲಿ ತಯಾರಾದ, ಎಮ್ಮೆಯಂಥ ಗಾಡಿ. ಅದರ ಮೇಲೆ ಖಾಕಿ ಪ್ಯಾಂಟು, ಟೋಪಿ, ಕಣ್ಣಿಗೆ ದೊಡ್ಡ ಕನ್ನಡಕ ಹಾಕಿಕೊಂಡು ಭಾವ ಹೊರಟರೆ ಬೀದಿಯ ಜನ ಬಾಗಿಲಿಗೆ ಬಂದು ನೋಡುತ್ತಿದ್ದರು. ನಾವು ನಂಜನಗೂಡು ರಸ್ತೆಯ ಕಡೆಯ ಬೇಸಾಯದ ಮನೆಯವರು. ಅಕ್ಕನಿಗೆ ಮೋಟಾರ್ ಸೈಕಲ್ ಇರುವ ಗಂಡ ಸಿಕ್ಕಿದ್ದಾನೆ ಎಂದು ಅಪ್ಪ ಊರೆಲ್ಲ ಹೇಳಿಕೊಂಡು ಓಡಾಡಿದ್ದರು.

ಮದುವೆಯಾದ ಮೇಲೆ ಅಕ್ಕ ಆ ಗಾಡಿಯ ಮೇಲೆ ಒಮ್ಮೆಯೂ ಕೂರಲಿಲ್ಲ. ಹಿಂದಿನ ಸೀಟಿನ ಸ್ಪ್ರಿಂಗು ಹಾಳಾಗುತ್ತದೆ ಎನ್ನುತ್ತಿದ್ದರು ಭಾವ. ಸಿನಿಮಾಕ್ಕೆ ಹೋದರೆ ಅವರು ಗಾಡಿಯಲ್ಲಿ ಮುಂದೆ ಹೋಗಿ ಟಿಕೆಟ್ ತೆಗೆದುಕೊಂಡಿರುತ್ತಿದ್ದರು, ಅಕ್ಕ ನೆರೆಮನೆಯವರ ಜೊತೆ ನಡೆದು ಹೋಗುತ್ತಿದ್ದಳು.

ನನಗೆ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಾಗ ಕೆಲವು ತಿಂಗಳು ಅಕ್ಕನ ಮನೆಯಲ್ಲೇ ಇದ್ದೆ. ಭಾನುವಾರ ಬೆಳಿಗ್ಗೆ ಗಾಡಿ ತೊಳೆಯುವುದಕ್ಕೆ ನೀರು ಸೇದಿ ಕೊಡುವುದು ನನ್ನ ಪಾಲಿನ ಕೆಲಸ. ಒಂದು ದಿನ ಹ್ಯಾಂಡಲ್ ಮೇಲೆ ಸುಮ್ಮನೆ ಕೈಯಿಟ್ಟೆ. ಭಾವ ಒದ್ದೆ ಬಟ್ಟೆಯಿಂದ ನನ್ನ ಕೈಗೆ ಬೀಸಿ ಹೊಡೆದರು. "ಇದೇನು ನಿಮ್ಮೂರ ಎತ್ತಿನ ಗಾಡಿ ಅಂದ್ಕೊಂಡ್ಯಾ?" ಎಂದರು. ನಾನು ಹಲ್ಲು ಕಿರಿದು ಕೈ ಹಿಂದಕ್ಕೆ ತೆಗೆದುಕೊಂಡೆ. ಆಗಿನ್ನೂ ನನಗೆ ಅವರ ಮೇಲೆ ದ್ವೇಷ ಇರಲಿಲ್ಲ.

ಅಕ್ಕ ಆಗ ತುಂಬು ಬಸುರಿ. ಬಾಣಂತನಕ್ಕೆ ಅವ್ವ ಮುಂದಿನ ವಾರ ಊರಿನಿಂದ ಬರುವವಳಿದ್ದಳು. ಅಷ್ಟರೊಳಗೆ, ದಿನ ತುಂಬುವುದಕ್ಕೆ ಮೂರು ವಾರ ಮುಂಚೆ, ಒಂದು ಬೆಳಿಗ್ಗೆ ನೋವು ಕಾಣಿಸಿಕೊಂಡಿತು. ಪಕ್ಕದ ಮನೆಯಾಕೆ ಓಡಿ ಬಂದರು. ಐದು ಹೆತ್ತ ಹೆಂಗಸು. ಒಳಗೆ ಹೋದವರು ಎರಡೇ ನಿಮಿಷಕ್ಕೆ ಹೊರಗೆ ಬಂದು, "ಯಾಕೋ ಸರಿಯಿಲ್ಲ ಕಣಪ್ಪ. ಲೇಡಿ ಡಾಕ್ಟರನ್ನ ಕರಸ್ರಿ, ಬೇಗ" ಎಂದರು. ಆ ಲೇಡಿ ಡಾಕ್ಟರು ಅಕ್ಕನನ್ನು ಮೊದಲಿಂದ ನೋಡುತ್ತಿದ್ದವರು, ಯಾವಾಗ ಹೇಳಿಕಳಿಸಿದರೂ ತಮ್ಮ ಕಾರಿನಲ್ಲಿ ಬರುತ್ತೇನೆಂದು ಮಾತು ಕೊಟ್ಟಿದ್ದವರು. ಬೆಳಗಿನ ಹೊತ್ತು ಹೆರಿಗೆ ಆಸ್ಪತ್ರೆಯಲ್ಲೇ ಇರುತ್ತಿದ್ದರು.

ಭಾವ ಹಿತ್ತಲಲ್ಲಿ ಕನ್ನಡಿ ತೂಗುಹಾಕಿಕೊಂಡು ಗಡ್ಡ ಹೆರೆದುಕೊಳ್ಳುತ್ತಿದ್ದರು. ಪಕ್ಕದಲ್ಲಿ ಮೋಟಾರ್ ಸೈಕಲ್ ನಿಂತಿತ್ತು. ಹಿಂದಿನ ಸಂಜೆ ಅದರ ಟ್ಯಾಂಕಿಗೂ ಮಡ್‌ಗಾರ್ಡಿಗೂ ಕರಿ ಬಣ್ಣ ಹೊಡೆಸಿದ್ದರು. ಮರುದಿನ ದೊಡ್ಡ ಇಂಜಿನಿಯರು ಇನ್‌ಸ್ಪೆಕ್ಷನ್‌ಗೆ ಬರುವವರಿದ್ದರು.

"ಭಾವ, ಆಸ್ಪತ್ರೆಗೆ ಹೋಗಿ ಲೇಡಿ ಡಾಕ್ಟ್ರನ್ನ ಕರೀಬೇಕಂತೆ. ಅರ್ಜೆಂಟು."

"ಪೇಂಟ್ ಇನ್ನೂ ಹಸಿಯಾಗಿದೆ ಕಣಯ್ಯ. ಈಗ ಈಚೆಗೆ ತೆಗುದ್ರೆ ಧೂಳೆಲ್ಲ ಮೆತ್ಕೊಳುತ್ತೆ."

"ಅಕ್ಕಂಗೆ ತುಂಬ ನೋವು ಭಾವ. ಪಕ್ಕದ್ಮನೆಯವ್ರು ಸರಿಯಿಲ್ಲ ಅಂತಾವ್ರೆ."

"ಚೊಚ್ಚಲು. ಸಾಯಂಕಾಲದವರ್ಗೂ ಎಳೆಯುತ್ತೆ. ಹೆಂಗಸ್ರು ಹಂಗೇ ಗಾಬರಿ ಮಾಡೋದು. ಹೋಗಿ ಒಂದು ಜಟಕಾ ಕರ್ಕೊಂಡ್ ಬಾ."

"ಹಂಗಾದ್ರೆ ನಂಗೆ ಕೊಡಿ, ನಾನೇ ಹೋಗ್ತೀನಿ."

ಕತ್ತಿಯನ್ನು ಕೆನ್ನೆಯಿಂದ ತೆಗೆದು ಕನ್ನಡಿಯಲ್ಲೇ ನನ್ನನ್ನು ನೋಡಿದರು. "ನಿಂಗೆ ಓಡ್ಸೋಕೆ ಬರುತ್ತಾ?"

ಬರುತ್ತಿರಲಿಲ್ಲ. ಒಂದು ಗಾಡಿ ಪಕ್ಕದಲ್ಲೇ ಇದೆ, ಟ್ಯಾಂಕಿನಲ್ಲಿ ಪೆಟ್ರೋಲಿದೆ, ಒಳಗೆ ಅಕ್ಕ ಕಿರುಚುತ್ತಿದ್ದಾಳೆ, ನಾನು ಆ ಕಬ್ಬಿಣವನ್ನು ಪೆದ್ದನ ಹಾಗೆ ನೋಡುತ್ತ ನಿಂತಿದ್ದೇನೆ. ಭಾವನ ಮೇಲಿನ ದ್ವೇಷದಷ್ಟೇ ಆ ನಿಂತ ಗಳಿಗೆಯ ನಾಚಿಕೆಯೂ ನನ್ನನ್ನು ವರ್ಷಗಟ್ಟಲೆ ಸುಟ್ಟಿತು.

ಓಡಿದೆ. ಬರಿಗಾಲಲ್ಲಿ ಅಗ್ರಹಾರದ ಜಟಕಾ ಸ್ಟ್ಯಾಂಡಿನವರೆಗೂ ಓಡಿದೆ. ಇದ್ದದ್ದು ಒಂದೇ ಜಟಕಾ, ಕುದುರೆಯನ್ನು ಬಿಚ್ಚಿ ಹುಲ್ಲು ಹಾಕಿದ್ದರು. ಕಟ್ಟಿಸಿಕೊಂಡು ಮನೆಗೆ ಬಂದು, ಅಕ್ಕನನ್ನು ಎತ್ತಿ ಕೂರಿಸಿಕೊಂಡು ಆಸ್ಪತ್ರೆ ಸೇರುವಷ್ಟರಲ್ಲಿ ಮುಕ್ಕಾಲು ಗಂಟೆ ಆಗಿತ್ತು. ಮಗು ಗಂಡು. ಕರುಳ ಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿತ್ತಂತೆ. ಲೇಡಿ ಡಾಕ್ಟರು ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ, "ಒಂದರ್ಧ ಗಂಟೆ ಮುಂಚೆ ಹೇಳಿಕಳಿಸಬಾರದಿತ್ತೇನ್ರಪ್ಪ?" ಎಂದರು. ಅವರು ಬೈಯಲಿಲ್ಲ, ಸುಮ್ಮನೆ ಕೇಳಿದರು.

ಭಾವ ಮಧ್ಯಾಹ್ನ ನಡೆದುಕೊಂಡು ಬಂದರು. ವಿಷಯ ಕೇಳಿ ಸ್ವಲ್ಪ ಹೊತ್ತು ಬೆಂಚಿನ ಮೇಲೆ ಕೂತಿದ್ದು ಎದ್ದು ಹೋದರು. ಸಂಜೆ ಊರಿನಿಂದ ಅಪ್ಪ ಬಂದ ಮೇಲೆ ನಾವಿಬ್ಬರೇ ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬೆಟ್ಟದ ತಪ್ಪಲಿನ ಕಡೆ ಹೋಗಿ ಒಂದು ಹೊಂಗೆ ಮರದ ಬುಡದಲ್ಲಿ ಮಣ್ಣು ಮಾಡಿ ಬಂದೆವು. ಮರುದಿನ ಬೆಳಿಗ್ಗೆ ಭಾವ ಮೋಟಾರ್ ಸೈಕಲ್ ಹತ್ತಿ ಇನ್‌ಸ್ಪೆಕ್ಷನ್‌ಗೆ ಹೋದರು. ಬಣ್ಣ ಒಣಗಿತ್ತು. ಬಿಸಿಲಿಗೆ ಟ್ಯಾಂಕು ಫಳಫಳ ಹೊಳೆಯುತ್ತಿದ್ದದ್ದನ್ನು ನಾನು ಜಗಲಿಯ ಮೇಲೆ ನಿಂತು ನೋಡಿದೆ. ಅವತ್ತೇ ನನ್ನ ಟ್ರಂಕು ತೆಗೆದುಕೊಂಡು ನಜರಬಾದಿನಲ್ಲಿ ಒಂದು ರೂಮು ಹಿಡಿದೆ.

ಅಕ್ಕನನ್ನು ಊರಿಗೆ ಕರೆದುಕೊಂಡು ಹೋಗಿ ಅಲ್ಲೇ ಇಟ್ಟುಕೊಳ್ಳೋಣ ಎಂದು ಅಪ್ಪನಿಗೆ ಹೇಳಿದೆ. "ಎಷ್ಟ್ ದಿನ ಮಡಿಕಂಡಿಯೋ?" ಎಂದರು ಅಪ್ಪ. ಆದರೂ ಕರೆದುಕೊಂಡು ಹೋದರು. ಮೂರು ತಿಂಗಳಾದ ಮೇಲೆ ಅಕ್ಕ ತಾನೇ ಪೆಟ್ಟಿಗೆ ಕಟ್ಟಿಕೊಂಡು ಲಕ್ಷ್ಮೀಪುರಂಗೆ ವಾಪಸು ಹೋದಳು. ಎರಡು ವರ್ಷದ ನಂತರ ಅವಳಿಗೊಂದು ಹೆಣ್ಣು ಮಗುವಾಯಿತು. ಆ ಸಲ ಅವ್ವ ಐದನೇ ತಿಂಗಳಿಗೇ ಬಂದು ಮಗಳನ್ನು ಕರೆದುಕೊಂಡು ಹೋದಳು. ಯಾಕೆಂದು ಭಾವ ಕೇಳಲಿಲ್ಲ, ಅವ್ವ ಹೇಳಲಿಲ್ಲ. ನಾನು ಹಬ್ಬಹರಿದಿನಗಳಲ್ಲಿ ಅಕ್ಕನನ್ನು ನೋಡಲು ಹೋಗಿ, ಭಾವ ಮನೆಗೆ ಬರುವ ಸದ್ದು ಕೇಳಿದ ಕೂಡಲೇ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆ. ಆ ಸದ್ದು ಅರ್ಧ ಫರ್ಲಾಂಗಿನಿಂದಲೇ ಕೇಳುತ್ತಿತ್ತು. ಇಷ್ಟೆಲ್ಲ ದ್ವೇಷವಿದ್ದರೂ ಅವರ ವಿಷಯದಲ್ಲಿ ಬಹುವಚನ ಬಿಡಲು ಇವತ್ತಿಗೂ ನನ್ನ ನಾಲಿಗೆ ಒಪ್ಪುವುದಿಲ್ಲ. ನಮ್ಮನ್ನು ಬೆಳೆಸಿದ್ದು ಹಾಗೆ.

ಹೀಗೆ ನಾಲ್ಕು ವರ್ಷ ಹೋಯಿತು. ಒಂದು ಸಂಜೆ ಲಷ್ಕರ್ ಮೊಹಲ್ಲಾದಲ್ಲಿ ಸೈಕಲ್ ತಳ್ಳಿಕೊಂಡು ಬರುತ್ತಿದ್ದಾಗ ಮೋಟಾರ್ ಸೈಕಲ್ ರಿಪೇರಿ ಮಾಡುವ ಅಂಗಡಿಯೊಂದರ ಮುಂದೆ ಭಾವನ ಗಾಡಿ ನಿಂತಿರುವುದು ಕಂಡಿತು. ಹೊಟ್ಟೆ ಬಗೆದ ಹಾಗೆ ಒಂದು ಪಕ್ಕ ಬಿಚ್ಚಿ ಹಾಕಿದ್ದರು. ಅಂಗಡಿಯ ಮೇಸ್ತ್ರಿ ಯುದ್ಧದ ಕಾಲದಲ್ಲಿ ಬರ್ಮಾ ಕಡೆ ಮೋಟಾರ್ ಸೈಕಲ್ ಮೇಲೆ ಕಾಗದಪತ್ರ ಸಾಗಿಸುತ್ತಿದ್ದವರು. ಒಂದು ಕಿವಿ ಕೇಳುತ್ತಿರಲಿಲ್ಲ.

"ಏನಾಗಿದೆ ಇದಕ್ಕೆ?" ಎಂದು ಜೋರಾಗಿ ಕೇಳಿದೆ.

"ಮ್ಯಾಗ್ನೆಟೋ ಹೋಗ್ಬುಟ್ಟಿದೆ ಸ್ವಾಮಿ. ಪೆಟ್ರೋಲಿಗೆ ಕಿಡಿ ಕೊಡೋದೇ ಅದು. ಅದಿಲ್ದಿದ್ರೆ ಇದು ಬರೀ ಕಬ್ಬಿಣ."

"ಹೊಸದು ಹಾಕ್ಬಹುದಲ್ಲ?"

"ಎಲ್ಲಿಂದ ತರಾದು? ಫಾರಿನ್ ಸಾಮಾನು ಬರೋದೇ ನಿಂತೋಯ್ತಲ್ಲ. ಬೆಂಗಳೂರು, ಮದ್ರಾಸು ಎಲ್ಲ ಕಡೆ ಬರೆದಾಯ್ತು. ಊರಲ್ಲಿ ಇದೇ ಮಾಡಲ್ಲು ಇನ್ನೊಂದೇ ಇರೋದು. ಅಗ್ರಹಾರದಲ್ಲಿ ಒಬ್ರು ಮಂಡಿ ಯಜಮಾನ್ರು ಇದ್ರು, ಅವರ್ದು. ಅವ್ರು ತೀರ್ಕೊಂಡು ಗಾಡಿ ಸುಮ್ನೆ ನಿಂತದೆ. ಓವರ್‌ಸಿಯರ್ರು ಅವ್ರ ಮನೆಯಮ್ಮನ್ನ ಕೇಳ್ತಾವ್ರೆ. ಸಿಕ್ರೆ ಅದನ್ನ ಬಿಚ್ಚಿ ಇದಕ್ಕೆ ಹಾಕಾದು."

ನಾನು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದೆ. "ಅದನ್ನ ಬೇರೆಯವ್ರು ತಗೊಂಡ್ರೆ?"

"ಇವ್ರು ನಡ್ಕಂಡು ಓಡಾಡ್ಬೇಕು" ಎಂದು ಮೇಸ್ತ್ರಿ ನಕ್ಕರು.

ಆ ನಗು ಮುಗಿಯುವ ಮೊದಲೇ ನಾನು ತೀರ್ಮಾನಿಸಿಬಿಟ್ಟಿದ್ದೆ.

ಮರುದಿನ ಹೋಗಿ ಮೇಸ್ತ್ರಿಗೆ ನನಗೊಂದು ಗಾಡಿ ಬೇಕು ಎಂದೆ, ಓಡಿಸುವುದನ್ನೂ ನೀವೇ ಕಲಿಸಬೇಕು ಎಂದೆ. ಅವರು ಸಂತೋಷಪಟ್ಟು ನನ್ನನ್ನು ಮೇಲಿಂದ ಕೆಳಗೆ ಅಳತೆ ತೆಗೆದರು. ನಾನು ಆಗ ಕಡ್ಡಿಯಂತಿದ್ದೆ. ಮೊದಲ ಸಲ ಗಾಡಿ ಕೊಳ್ಳುವವರು ಏನು ನೋಡಬೇಕು ಎಂದು ಅವರು ಬಹಳ ತಾಳ್ಮೆಯಿಂದ ಹೇಳಿದರು. ಸೀಟಿನ ಮೇಲೆ ಕೂತರೆ ಎರಡು ಪಾದವೂ ನೆಲಕ್ಕೆ ಊರಬೇಕು. ಗಾಡಿ ಬಿದ್ದರೆ ಇನ್ನೊಬ್ಬರನ್ನು ಕರೆಯದೆ ಎತ್ತಿ ನಿಲ್ಲಿಸುವ ಹಾಗಿರಬೇಕು. ಕೆಟ್ಟರೆ ಸಾಮಾನು ಸಿಗಬೇಕು. "ಒಂದು ಸಣ್ಣ ಗಾಡಿ ಐತೆ, ನೋಡ್ಕೊಡ್ತೀನಿ. ನಿಮ್ಮ ಮೈಕಟ್ಟಿಗೆ ಹೇಳಿ ಮಾಡ್ಸಿದಂಗದೆ" ಎಂದರು.

"ನಂಗೆ ಅಗ್ರಹಾರದ್ದೇ ಬೇಕು ಮೇಸ್ತ್ರಿ."

"ನಾನು ಹೇಳಿದ ಮೂರಕ್ಕೂ ಅದು ಆಗಲ್ಲ ಸ್ವಾಮಿ."

"ಆ ಓವರ್‌ಸಿಯರ್ರು ನಮ್ಮ ಅಕ್ಕನ ಗಂಡ" ಎಂದೆ.

ಮೇಸ್ತ್ರಿ ಕೈಯಲ್ಲಿದ್ದ ಸ್ಪ್ಯಾನರನ್ನು ಬಟ್ಟೆಯಿಂದ ಒರೆಸಿ ಕೆಳಗಿಟ್ಟರು. "ಅವ್ರೂ ನಮ್ಮ ಗಿರಾಕಿನೇ. ಕೇಳಿದ್ರೆ ನಾನು ಸುಳ್ಳು ಹೇಳಲ್ಲ. ಯಾರು ತಗೊಂಡ್ರು ಅಂತ ಹೇಳ್ಬುಡ್ತೀನಿ."

"ಹೇಳಿ. ಅವ್ರಿಗೆ ಗೊತ್ತಾಗ್ಲಿ ಅಂತಾನೇ ತಗೋತಿರೋದು."

ಅಗ್ರಹಾರದ ಆ ಮನೆಯಮ್ಮ ಐವತ್ತು ದಾಟಿದ ಗಟ್ಟಿ ಹೆಂಗಸು. ಹಣೆ ತುಂಬ ವಿಭೂತಿ. ಗಂಡ ಬೆಲ್ಲದ ಮಂಡಿ ಇಟ್ಟುಕೊಂಡು ಆ ಗಾಡಿಯಲ್ಲಿ ಸಂತೆಯಿಂದ ಸಂತೆಗೆ ತಿರುಗುತ್ತಿದ್ದರಂತೆ. ಮೋಟಾರ್ ಸೈಕಲ್ ಕೊಡುತ್ತೀರಾ ಎಂದು ಕೇಳಿದ್ದಕ್ಕೆ ನನ್ನನ್ನು ಒಳಗೂ ಕರೆಯದೆ ಹೊಸಿಲ ಮೇಲೆ ನಿಂತು ಕೇಳಿದರು:

"ಓಡಿಸ್ತೀಯೋ, ಬಿಚ್ತೀಯೋ?"

"ಓಡಿಸ್ತೀನಿ ಅಮ್ಮ."

"ಲಕ್ಷ್ಮೀಪುರದಿಂದ ಒಬ್ರು ಬರ್ತಾ ಅವ್ರೆ. ಬಂದಾಗಲೆಲ್ಲ ಗುಜರಿ, ಗುಜರಿ ಅಂತಾರೆ. ನಮ್ಮ ಯಜಮಾನ್ರು ಓಡಿಸ್ತಿದ್ದ ಗಾಡಿ ಗುಜರಿಯಂತೆ. ಬಿಚ್ಚಿ ತಿನ್ನೋರಿಗೆ ನಾನು ಕೊಡಾಕಿಲ್ಲ ಕಣಪ್ಪ. ನೀನು ಅದರ ಮೇಲೆ ಕೂತು ಈ ಚೌಕ ಒಂದು ಸುತ್ತು ಬಂದು ಈ ಬಾಗಿಲಲ್ಲಿ ನಿಲ್ಲಿಸು, ಅವತ್ತು ಕೊಡ್ತೀನಿ."

"ಒಂದೂವರೆ ತಿಂಗಳು ಕೊಡಿ."

"ಅವ್ರು ಸಂಕ್ರಾಂತಿ ಕಳೆದು ಬರ್ತಾರೆ. ಅಷ್ಟ್ರೊಳಗೆ ಬಾ."

ಸಂಕ್ರಾಂತಿಗೆ ಆರು ವಾರವಿತ್ತು. ದಿನವೂ ಬೆಳಕು ಹರಿಯುವ ಹೊತ್ತಿಗೆ ಮೇಸ್ತ್ರಿ ತಮ್ಮ ಗಾಡಿಯ ಹಿಂದೆ ನನ್ನನ್ನು ಕೂರಿಸಿಕೊಂಡು ಲಲಿತಮಹಲ್ ರಸ್ತೆಗೆ ಕರೆದುಕೊಂಡು ಹೋಗುತ್ತಿದ್ದರು. ಅವರದೂ ಮಿಲಿಟರಿ ಗಾಡಿಯೇ, ಬೇರೆ ಕಂಪನಿಯದು. ಮೊದಲ ವಾರ ಓಡಿಸುವ ಮಾತೇ ಇಲ್ಲ, ಬರೀ ಸ್ಟಾರ್ಟ್ ಮಾಡುವುದು. ಪೆಟ್ರೋಲ್ ಬಿಡಬೇಕು, ಕಿಡಿಯ ಲಿವರನ್ನು ಹಿಂದಕ್ಕೆ ಎಳೆಯಬೇಕು, ಕಿಕ್ಕರನ್ನು ಮೆಲ್ಲಗೆ ಅದುಮಿ ಇಂಜಿನ್ನು ಬಿಗಿಯುವ ಜಾಗ ಹುಡುಕಬೇಕು, ಆಮೇಲೆ ಮೈಭಾರವೆಲ್ಲ ಹಾಕಿ ಒಂದೇ ಏಟಿಗೆ ತುಳಿಯಬೇಕು. ಲಿವರ್ ಮರೆತರೆ ಕಿಕ್ಕರು ತಿರುಗಿ ಒದೆಯುತ್ತದೆ. ಮೂರನೇ ದಿನ ಮರೆತೆ. ಕಣಕಾಲು ಊದಿ ಕುಂಬಳಕಾಯಿಯಾಯಿತು. ಕಚೇರಿಗೆ ಕುಂಟುತ್ತ ಹೋದೆ, ಮೆಟ್ಟಿಲಲ್ಲಿ ಬಿದ್ದೆ ಎಂದು ಹೇಳಿದೆ.

ಓಡಿಸಲು ಶುರು ಮಾಡಿದ ಮೇಲೆ ಬಿದ್ದದ್ದಕ್ಕೆ ಲೆಕ್ಕವಿಲ್ಲ. ಕ್ಲಚ್ಚನ್ನು ಮೆಲ್ಲಗೆ ಬಿಡಿ ಎಂದರೆ ಕೈ ಕೇಳುತ್ತಿರಲಿಲ್ಲ, ಗಾಡಿ ಕುದುರೆಯ ಹಾಗೆ ನೆಗೆದು ನನ್ನನ್ನು ಹುಲ್ಲಿಗೆ ಎಸೆಯುತ್ತಿತ್ತು. "ಕೋಪ ಮಾಡ್ಕೊಂಡು ತುಳೀಬೇಡ್ರಿ. ಅದಕ್ಕೇನು ಗೊತ್ತು ನಿಮ್ಮ ಮನೆ ಜಗಳ?" ಎನ್ನುತ್ತಿದ್ದರು ಮೇಸ್ತ್ರಿ. ಆದರೆ ನನ್ನನ್ನು ಮತ್ತೆ ಮತ್ತೆ ಎಬ್ಬಿಸುತ್ತಿದ್ದದ್ದೇ ಆ ಕೋಪ. ಮಂಡಿ ತರಚಿ ರಕ್ತ ಬರುವಾಗ ಕನ್ನಡಿಯೊಳಗಿನ ಭಾವನ ಕಣ್ಣು ಎದುರಿಗೆ ಬರುತ್ತಿತ್ತು, 'ನಿಂಗೆ ಓಡ್ಸೋಕೆ ಬರುತ್ತಾ' ಎನ್ನುವ ಮಾತು ಕೇಳುತ್ತಿತ್ತು. ಎದ್ದು ಮತ್ತೆ ಕಿಕ್ಕರು ತುಳಿಯುತ್ತಿದ್ದೆ. ನಾಲ್ಕನೆಯ ವಾರದ ಒಂದು ಬೆಳಿಗ್ಗೆ ಮೂರನೇ ಗೇರಿನಲ್ಲಿ ಸಾಲುಮರಗಳ ಕೆಳಗೆ ಹೋಗುತ್ತಿದ್ದಾಗ ಗಾಡಿ ತಾನಾಗಿ ನನ್ನ ಮಾತು ಕೇಳತೊಡಗಿತು. ಮುಖಕ್ಕೆ ತಣ್ಣನೆಯ ಗಾಳಿ. ಒಂದು ಗಳಿಗೆ ಭಾವನನ್ನೂ ಮರೆತುಬಿಟ್ಟೆ. ಹಾಗೆ ಮರೆತದ್ದಕ್ಕೆ ಆಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ ಮೇಸ್ತ್ರಿ ಮನೆಯಮ್ಮನ ಒಪ್ಪಿಗೆ ಪಡೆದು ಆ ಗಾಡಿಯನ್ನು ಶೆಡ್ಡಿನಿಂದ ಹೊರಗೆ ತೆಗೆದು, ಜೇಡರಬಲೆ ಝಾಡಿಸಿ, ಎಣ್ಣೆ ಬದಲಾಯಿಸಿ ಸಿದ್ಧ ಮಾಡಿದರು. ನಾನು ಹತ್ತಿ ಕೂತೆ. ಒಂದು ಪಾದ ಮಾತ್ರ ನೆಲಕ್ಕೆ ಮುಟ್ಟಿತು, ಅದೂ ತುದಿಬೆರಳು. ನಾಲ್ಕನೆಯ ಕಿಕ್ಕಿಗೆ ಗಾಡಿ ಗುಡುಗಿತು. ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು. ಓಣಿಯಲ್ಲಿ ಹಸುವೊಂದು ಅಡ್ಡ ನಿಂತಿತ್ತು, ಹೂವಿನವಳು ಬುಟ್ಟಿ ಎತ್ತಿಕೊಂಡು ಗೋಡೆಗೆ ಒರಗಿದಳು. ಹೇಗೋ ಚೌಕ ಸುತ್ತಿ ಬಂದು ಅವರ ಬಾಗಿಲಿನಿಂದ ಎರಡು ಮಾರು ಮುಂದೆ ನಿಲ್ಲಿಸಿದೆ.

ಮನೆಯಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನನ್ನನ್ನು ಒಳಗೆ ಕೂರಿಸಿ ಕಾಫಿ ಕೊಟ್ಟು, ಲಕ್ಷ್ಮೀಪುರದವರು ನಿನಗೇನಾಗಬೇಕು ಎಂದು ಕೇಳಿದರು. ಮೇಸ್ತ್ರಿ ಹೇಳಿರಬೇಕು. ನಾನು ಯಾರಿಗೂ ಹೇಳದ ಕಥೆಯನ್ನು ಅವತ್ತು ಅವರಿಗೆ ಹೇಳಿದೆ. ನೋವು, ಬಣ್ಣ, ಜಟಕಾ, ಹೊಂಗೆ ಮರ, ಎಲ್ಲವನ್ನೂ. ಅವರು ನಾನು ಕೂಡಿಟ್ಟು ತಂದಿದ್ದ ದುಡ್ಡನ್ನು ಎಣಿಸಿಕೊಂಡರು. ಎದ್ದು ಹೋಗಿ ಗಾಡಿಯ ಕಾಗದ ತಂದು ನನ್ನ ಕೈಗಿಟ್ಟರು. "ಒಂದು ನಟ್ಟೂ ಕೊಡಬೇಡ ಅವನಿಗೆ" ಎಂದರು. ಏಕವಚನದಲ್ಲೇ ಹೇಳಿದರು. ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು.

ಲೈಸೆನ್ಸು ಕೈಗೆ ಬಂದ ಭಾನುವಾರವೇ ಲಕ್ಷ್ಮೀಪುರಂಗೆ ಹೋದೆ. ಅವರ ಗೇಟಿನ ಮುಂದೆ ಇಂಜಿನ್ ಆರಿಸದೆ ನಿಲ್ಲಿಸಿಕೊಂಡೆ. ಭಾವ ಬನಿಯನ್ನಿನಲ್ಲಿ ಓಡಿಬಂದರು. ಆ ಶಬ್ದದ ಗಾಡಿ ಊರಿನಲ್ಲಿ ಎರಡೇ ಇದ್ದವಲ್ಲ. ನನ್ನನ್ನು ನೋಡಿ ಅವರ ಮುಖ ಮೊದಲು ಅರಳಿತು.

"ಅಗ್ರಹಾರದ್ದಲ್ವೇನಯ್ಯ ಇದು! ಆ ಮುದುಕಿ ಕೊಟ್ಲಾ? ಭೇಷ್, ಒಳ್ಳೇ ಕೆಲಸ ಮಾಡ್ದೆ. ಮ್ಯಾಗ್ನೆಟೋ ಬಿಚ್ಕೊಡು. ಮಿಕ್ಕಿದ್ದನ್ನ ಬೇಕಾದ್ರೆ ನೀನೇ ಇಟ್ಕೊ."

ಈ ಗಳಿಗೆಗೆಂದು ನಾನು ನಾಲ್ಕು ವರ್ಷದಿಂದ ಮಾತು ಜೋಡಿಸಿಟ್ಟುಕೊಂಡಿದ್ದೆ. ರೂಮಿನ ಗೋಡೆಗೆ ಎಷ್ಟೋ ಸಲ ಹೇಳಿ ನೋಡಿದ್ದೆ. ಈಗ "ಕೊಡಲ್ಲ" ಎಂದೆ, ಅಷ್ಟೇ.

"ಏನು?"

"ಕೊಡಲ್ಲ ಭಾವ. ಇದು ಓಡ್ಸೋಕೆ ತಗೊಂಡಿರೋದು."

ಅವರ ಮುಖ ಕೆಂಪಾಯಿತು. ಬಾಗಿಲಲ್ಲಿ ಅಕ್ಕ ಮಗಳನ್ನು ಎತ್ತಿಕೊಂಡು ನಿಂತಿದ್ದಳು. ನಾನು ಗೇರು ಹಾಕಿ ಹೊರಟೆ.

ಹದಿನೈದು ದಿನ ಬಿಟ್ಟು ಅಕ್ಕ ನನ್ನ ರೂಮಿಗೆ ಬಂದಳು. ಭಾವನೇ ಕಳಿಸಿದ್ದರು. ಚಾಪೆಯ ಮೇಲೆ ಕೂತು, ನಾನು ತಂದುಕೊಟ್ಟ ಕಾಫಿ ಕುಡಿದು, ಅಪ್ಪನ ಕೆಮ್ಮಿನ ವಿಚಾರ ಮಾತಾಡಿದಳು. ಅವಳೆಲ್ಲಿ ಬಾಯಿ ಬಿಟ್ಟು ಕೇಳಿಬಿಡುತ್ತಾಳೋ ಎಂದು ನಾನು ಹೆದರಿದ್ದೆ. ಅವಳು ಕೇಳಿದರೆ ಇಲ್ಲ ಅನ್ನುವ ಶಕ್ತಿ ನನಗಿರಲಿಲ್ಲ. ಲೋಟ ಕೆಳಗಿಟ್ಟು ಎದ್ದಳು.

"ಯಾಕ್ ಬಂದೆ ಅಂತ ಗೊತ್ತಲ್ವೇನೋ?"

"ಗೊತ್ತು ಕಣಕ್ಕ."

"ಕೇಳ್ದೆ, ಕೊಡಲ್ಲ ಅಂದ ಅಂತ ಹೇಳ್ಬುಡ್ತೀನಿ" ಎಂದು ಸೆರಗು ಸರಿಮಾಡಿಕೊಂಡು ಹೊರಟುಹೋದಳು.

ಆಮೇಲೆ ಭಾವ ಬಸ್ಸಿನಲ್ಲಿ ಓಡಾಡತೊಡಗಿದರು. ಅವರ ಬೀದಿಯ ಕೊನೆಯಲ್ಲೇ ಬಸ್ ಸ್ಟಾಪು. ನಜರಬಾದಿನಿಂದ ನನ್ನ ಕಚೇರಿಗೆ ಹೋಗಲು ಆ ದಾರಿ ಬೇಕಾಗಿಯೇ ಇರಲಿಲ್ಲ. ಆದರೂ ದಿನವೂ ಒಂಬತ್ತೂವರೆಗೆ ಸುತ್ತು ಹಾಕಿಕೊಂಡು ಅವರ ಮುಂದೆಯೇ ಹೋಗುತ್ತಿದ್ದೆ. ಖಾಕಿ ಪ್ಯಾಂಟು, ಕೈಯಲ್ಲಿ ಟೋಪಿ, ಬಗಲಲ್ಲಿ ಫೈಲು. ನಾನು ವೇಗ ತಗ್ಗಿಸಿ, "ಬನ್ನಿ ಭಾವ, ಹಿಂದೆ ಕೂತ್ಕೊಳ್ಳಿ, ಬಿಡ್ತೀನಿ" ಎನ್ನುತ್ತಿದ್ದೆ. ಅವರು ಬೇರೆ ಕಡೆ ನೋಡುತ್ತಿದ್ದರು. ಇಷ್ಟು ಸಣ್ಣತನ ನನ್ನಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ. ಅದರಲ್ಲಿ ಸುಖ ಇತ್ತು, ಇಲ್ಲ ಎಂದು ಹೇಳುವುದಿಲ್ಲ.

ಮಳೆಗಾಲ ಬಂತು. ಒಂದು ಬೆಳಿಗ್ಗೆ ಜಡಿಮಳೆ, ಬಸ್ಸು ಬರಲಿಲ್ಲ. ಯಾರೋ ಮೇಲಧಿಕಾರಿ ಕಾಯುತ್ತಿದ್ದರೆಂದು ಕಾಣುತ್ತದೆ, ಭಾವ ಗಳಿಗೆಗೊಮ್ಮೆ ಕೈಗಡಿಯಾರ ನೋಡಿಕೊಳ್ಳುತ್ತಿದ್ದರು. ನಾನು ನಿಲ್ಲಿಸಿ ಎಂದಿನಂತೆ ಕರೆದೆ. ಮತ್ತೊಮ್ಮೆ ಗಡಿಯಾರ ನೋಡಿಕೊಂಡು ಬಂದು ಹಿಂದಿನ ಸೀಟಿನಲ್ಲಿ ಕೂತರು.

ಏನು ಮಾಡುತ್ತೇನೆಂದು ನಾನು ಮೊದಲೇ ಯೋಚಿಸಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವರ ಕಚೇರಿಯ ತಿರುವು ಬಂದಾಗ ನಾನು ತಿರುಗಲಿಲ್ಲ. "ಈ ಕಡೆ ಕಣಯ್ಯ, ಈ ಕಡೆ" ಎಂದು ಅವರು ಬೆನ್ನು ತಟ್ಟಿದರು. ನೇರ ಹೋಗಿ ಹೆರಿಗೆ ಆಸ್ಪತ್ರೆಯ ಗೇಟಿನ ಮುಂದೆ ನಿಲ್ಲಿಸಿ ಇಂಜಿನ್ ಆರಿಸಿದೆ.

"ಇಲ್ಲಿ ಯಾಕೆ ನಿಲ್ಲಿಸ್ದೆ?"

"ಗಡಿಯಾರ ನೋಡಿ ಭಾವ. ಎಷ್ಟು ನಿಮಿಷ ಆಯ್ತು?"

ಅವರು ನಿಜವಾಗಿಯೂ ನೋಡಿದರು. ನೋಡಿದ ಮೇಲೆ ಅರ್ಥವಾಯಿತು. ಕೈ ಹಾಗೇ ನಿಂತಿತು.

"ಹೇಳಿ ಭಾವ, ಎಷ್ಟು?"

"ಆರು."

"ಅವತ್ತು ಜಟಕಾದಲ್ಲಿ ಮುಕ್ಕಾಲು ಗಂಟೆ ಆಯ್ತು. ಅರ್ಧ ಗಂಟೆ ಮುಂಚೆ ಹೇಳಿಕಳಿಸಬಾರದಿತ್ತಾ ಅಂತ ಡಾಕ್ಟ್ರು ಕೇಳಿದ್ರು. ನಾನು ಉತ್ತರ ಹೇಳ್ಲಿಲ್ಲ. ನೀವು ಒಳಗೆ ಹೋಗಿ ಹೇಳಿ."

ಅವರು ಇಳಿದರು. ಮಳೆಯಲ್ಲಿ ಟೋಪಿ ಹಾಕಿಕೊಳ್ಳುವುದನ್ನೂ ಮರೆತು ನಿಂತರು. ಗೇಟಿನೊಳಗೆ ಒಬ್ಬ ಬಸುರಿಯನ್ನು ಇಬ್ಬರು ಹೆಂಗಸರು ಕೈಹಿಡಿದು ನಡೆಸಿಕೊಂಡು ಹೋಗುತ್ತಿದ್ದರು. "ನಂಗೆ ಹಂಗಾಗುತ್ತೆ ಅಂತ ಗೊತ್ತಿರ್ಲಿಲ್ಲ ಕಣಯ್ಯ" ಎಂದರು.

"ನೋವು ಅಂತ ನಾನು ಬಂದು ಹೇಳಿದ್ನಲ್ಲ. ಅದು ಗೊತ್ತಿತ್ತಲ್ಲ?"

ನಾನು ಕಿಕ್ಕರು ತುಳಿದೆ, ಮೊದಲ ಏಟಿಗೇ ಹತ್ತಿಕೊಂಡಿತು. ಅವರನ್ನು ಆ ಗೇಟಿನ ಮುಂದೆ ಮಳೆಯಲ್ಲೇ ಬಿಟ್ಟು ಹೋದೆ. ಅವತ್ತು ಕಚೇರಿಯಲ್ಲಿ ಒಂದಕ್ಷರ ಬರೆಯಲಾಗಲಿಲ್ಲ.

ಅಂದಿನಿಂದ ಸುತ್ತು ಹಾಕಿಕೊಂಡು ಹೋಗುವುದನ್ನು ಬಿಟ್ಟೆ. ಒಂದು ತಿಂಗಳ ಮೇಲೆ ಭಾವ ನನ್ನ ರೂಮು ಹುಡುಕಿಕೊಂಡು ಬಂದರು. ಕೂತುಕೊಳ್ಳಿ ಎಂದು ನಾನು ಹೇಳಲಿಲ್ಲ, ಅವರೂ ಕೂರಲಿಲ್ಲ. ಮ್ಯಾಗ್ನೆಟೋ ಕೇಳಲು ಬಂದಿದ್ದಾರೆ ಅಂದುಕೊಂಡೆ.

"ಮಗೂನ ಎಲ್ಲಿ ಮಣ್ಣು ಮಾಡಿದ್ರಿ?" ಎಂದು ಕೇಳಿದರು. "ನಿಮ್ಮಕ್ಕಂಗೂ ಗೊತ್ತಿಲ್ವಂತೆ. ನನ್ನ ಕರ್ಕೊಂಡ್ ಹೋಗ್ತೀಯಾ?"

ಗಾಡಿ ಬಾಗಿಲಲ್ಲೇ ನಿಂತಿತ್ತು. ಹತ್ತು ನಿಮಿಷದ ದಾರಿ. ನಾನು ಕರೆದುಕೊಂಡು ಹೋಗಲಿಲ್ಲ. ಬೆಟ್ಟದ ಕಡೆ ಹೋಗುವ ದಾರಿ, ಎಲ್ಲಿ ಎಡಕ್ಕೆ ತಿರುಗಬೇಕು, ಹೊಂಗೆ ಮರ ಎಲ್ಲಿ, ಎಲ್ಲವನ್ನೂ ಬಿಡಿಸಿ ಹೇಳಿ, "ನಡ್ಕೊಂಡು ಹೋಗಿ" ಎಂದೆ. ತಲೆಯಾಡಿಸಿ ಹೋದರು. ಅವರು ಅಲ್ಲಿಗೆ ಹೋದರೋ ಇಲ್ಲವೋ ನನಗೆ ಗೊತ್ತಿಲ್ಲ. ವಿಚಾರಿಸುವ ಮನಸ್ಸೂ ಬರಲಿಲ್ಲ.

ಆ ವರ್ಷದ ಕೊನೆಗೆ ಭಾವ ತಮ್ಮ ಗಾಡಿಯನ್ನು ಗುಜರಿಯವನಿಗೆ ಕೊಟ್ಟರು. ಎತ್ತಿನ ಗಾಡಿಯ ಮೇಲೆ ಹಗ್ಗ ಹಾಕಿ ಕಟ್ಟಿ ಸಾಗಿಸಿದರಂತೆ. ಆಮೇಲೆ ಅವರು ಯಾವ ಗಾಡಿಯನ್ನೂ ಕೊಳ್ಳಲಿಲ್ಲ. ಬಸ್ಸಿನಲ್ಲೇ ಓಡಾಡಿ ರಿಟೈರ್ ಆದರು.

ನಾನು ನನ್ನ ಎಮ್ಮೆಯಂಥ ಗಾಡಿಯನ್ನು ಏಳು ವರ್ಷ ಓಡಿಸಿದೆ. ಅಷ್ಟರಲ್ಲಿ ನಮ್ಮ ನಗರದಲ್ಲೇ ಕಾರ್ಖಾನೆ ಬಂದು ಮೋಟಾರ್ ಸೈಕಲ್ ತಯಾರಾಗಿ, ಕಚೇರಿಯ ಹುಡುಗರೆಲ್ಲ ಮೊದಲ ಗಾಡಿ ಯಾವುದು ಕೊಳ್ಳಲಿ ಎಂದು ನನ್ನನ್ನು ಕೇಳತೊಡಗಿದರು. ಪಾದ ಎರಡೂ ಊರಬೇಕು, ಎತ್ತಿ ನಿಲ್ಲಿಸಲಾಗಬೇಕು, ಸಾಮಾನು ಸಿಗಬೇಕು ಎಂದು ಮೇಸ್ತ್ರಿ ಹೇಳಿದ್ದನ್ನೇ ಅವರಿಗೆ ಹೇಳುತ್ತಿದ್ದೆ. ನಾನು ಹೇಗೆ ಆರಿಸಿಕೊಂಡೆ ಎಂಬುದನ್ನು ಯಾರಿಗೂ ಹೇಳಲಿಲ್ಲ.

ಭಾವ ತೀರಿಕೊಂಡ ಎಷ್ಟೋ ದಿನಗಳ ಮೇಲೆ ಒಂದು ಮಧ್ಯಾಹ್ನ ಅಕ್ಕ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಆಸ್ಪತ್ರೆಯ ಗೇಟಿನ ಸಂಗತಿಯನ್ನು ಅವಳಿಗೆ ಹೇಳಿದೆ. ಅವಳು ಕೈ ನಿಲ್ಲಿಸಲಿಲ್ಲ.

"ಅವತ್ತು ನೆನ್ಕೊಂಡು ಮನೆಗೆ ಬಂದ್ರು. ಮೂರು ದಿನ ಜ್ವರ. ನಾನೇ ಗಂಜಿ ಕುಡಿಸ್ದೆ. ಬಾಯಿ ಬಿಡ್ಲಿಲ್ಲ" ಎಂದಳು. ಇನ್ನೊಂದು ಹಿಡಿ ಕಾಯಿ ತೆಗೆದುಕೊಂಡು, "ಅಲ್ಲ ಕಣೋ, ಇಷ್ಟೆಲ್ಲ ಮಾಡೋಕೆ ಮುಂಚೆ ನನ್ನ ಒಂದು ಮಾತು ಕೇಳ್ದೇನೋ ನೀನು?" ಎಂದಳು.

ಕೇಳಿರಲಿಲ್ಲ.

"ಕೇಳಿದ್ರೆ ಬೇಡ ಅಂತಿದ್ಯಾ?"

"ಏನಂತಿದ್ನೋ ಈಗೇನ್ ಗೊತ್ತು?" ಎಂದು ಅಕ್ಕ ಸಿಪ್ಪೆಯನ್ನು ಬಾಚಿ ಮೊರಕ್ಕೆ ಹಾಕಿಕೊಂಡು ಎದ್ದು ಒಳಗೆ ಹೋದಳು. ನಾನು ಮಾಡಿದ್ದರಲ್ಲಿ ಒಂದನ್ನೂ ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ನನಗೆ ಅವತ್ತೂ ಅನ್ನಿಸಲಿಲ್ಲ, ಇವತ್ತೂ ಅನ್ನಿಸುವುದಿಲ್ಲ.